ಹಳೇ ಲೆನ್ಸಿನಲ್ಲಿ ಪಾರವ್ವ

ಶೈಲಶ್ರೀಯ ಕೈಗೆ ಮೊದಲ ಸಲ ಕ್ಯಾಮೆರಾ ಬಂದದ್ದು ಅವಳನ್ನು ಫೋಟೋದಿಂದ ಹೊರಗಿಡುವುದಕ್ಕೆ.

ಅದು ೨೦೦೬ರ ಸಂಕ್ರಾಂತಿ. ಪುಣೆಯ ಕೋಥರೂಡದ ಕನ್ನಡ ಮಂಡಳಿಯವರು ಬಾಡಿಗೆಯ ಹಾಲೊಂದರಲ್ಲಿ ಅರಿಶಿನ-ಕುಂಕುಮದ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಶೈಲಶ್ರೀಯ ಗಂಡ ಮಾಂತು ಚಿಂಚವಾಡದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕ್ಲಾರ್ಕನಾಗಿದ್ದವನು. ಹಿಂದಿನ ಮಳೆಗಾಲದಲ್ಲಿ ಎದೆ ಹಿಡಿದುಕೊಂಡು ಕುಳಿತವನು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಶೈಲಶ್ರೀ ಮತ್ತು ಅವಳ ಅತ್ತೆ ಪಾರವ್ವ, ಇಬ್ಬರೇ. ಆ ವರ್ಷ ಕಾರ್ಯಕ್ರಮಕ್ಕೆ ಹೋಗುವುದೋ ಬೇಡವೋ ಎಂದು ಶೈಲಶ್ರೀ ಬಹಳ ಯೋಚಿಸಿದ್ದಳು. ಕೊನೆಗೆ, ಮದುವೆಯಾಗಿ ಪುಣೆಗೆ ಬಂದಾಗಿನಿಂದ ವರ್ಷದ ಚಂದಾ ಕೊಡುತ್ತ ಬಂದ ಮಂಡಳಿ, ಗಂಡ ಸತ್ತನೆಂದು ಅದೇನು ತನಗೆ ಪರಕೀಯವಾಯಿತೇ ಎಂದುಕೊಂಡು ಬೂದುಬಣ್ಣದ ಸೀರೆ ಉಟ್ಟು ಹೊರಟಿದ್ದಳು.

ಕುಸುರೆಳ್ಳು ಹಂಚಿದ್ದಾಯಿತು, ಹಾಡು ಮುಗಿಯಿತು. ಗ್ರೂಪ್ ಫೋಟೋಕ್ಕೆಂದು ಹೆಂಗಸರೆಲ್ಲ ಸಾಲಾಗಿ ನಿಂತಾಗ ಶೈಲಶ್ರೀಯೂ ರೂಢಿಯಂತೆ ಎರಡನೆಯ ಸಾಲಿನ ತುದಿಗೆ ಹೋಗಿ ನಿಂತಳು. ಮಹಿಳಾ ವಿಭಾಗದ ಅಧ್ಯಕ್ಷೆ ಸಾವಿತ್ರಿಬಾಯಿ ಒಮ್ಮೆ ಅವಳನ್ನು ನೋಡಿದರು, ಪಕ್ಕದವರನ್ನು ನೋಡಿದರು, ಆಮೇಲೆ ತಮ್ಮ ಪುಟ್ಟ ಡಿಜಿಟಲ್ ಕ್ಯಾಮೆರಾವನ್ನು ಪರ್ಸಿನಿಂದ ತೆಗೆದು ಅವಳ ಕೈಗಿಟ್ಟರು.

"ಶೈಲಾ, ನೀನ ತಗಿಯವಾ ಫೋಟೋ. ನಿನ್ನ ಕೈ ಅಲುಗೂದಿಲ್ಲ."

ದನಿಯಲ್ಲಿ ಅಕ್ಕರೆಯಿತ್ತು. ಅದೇ ಹೆಚ್ಚು ಚುಚ್ಚಿತು. ಶೈಲಶ್ರೀ ಸಾಲಿನಿಂದ ಹೊರಗೆ ಬಂದು ತಿರುಗಿ ನಿಂತು ನೋಡುವಷ್ಟರಲ್ಲಿ ಅವಳು ನಿಂತಿದ್ದ ಜಾಗವನ್ನು ಪಕ್ಕದವಳು ಸರಿದು ತುಂಬಿಬಿಟ್ಟಿದ್ದಳು. ಇನ್ನಷ್ಟು ಒತ್ತಿ ನಿಲ್ಲಿರಿ, ಹಿಂದಿನವರು ಗದ್ದ ಎತ್ತಿರಿ ಎಂದು ಹೇಳಿ ಅವಳು ಗುಂಡಿ ಒತ್ತಿದಳು. ಫೋಟೋ ಚೆನ್ನಾಗಿ ಬಂತೆಂದು ಎಲ್ಲರೂ ಹೊಗಳಿದರು.

ಮನೆಗೆ ಬರುವಾಗ ಬಸ್ಸಿನಲ್ಲಿ ಅವಳಿಗೆ ಕಿವಿ ಸುಡುವಷ್ಟು ಸಿಟ್ಟು ಬಂದಿತ್ತು. ಆದರೆ ಸಿಟ್ಟಿನ ಜೊತೆಗೆ ಇನ್ನೊಂದೂ ಇತ್ತು. ಗುಂಡಿ ಒತ್ತುವ ಮುನ್ನ ಆ ಹೆಂಗಸರೆಲ್ಲ ಅವಳ ಒಂದು ಮಾತಿಗೆ ಕಾದು ಉಸಿರು ಹಿಡಿದು ನಿಂತಿದ್ದರು. ಅವಳ ಬದುಕಿನಲ್ಲಿ ಯಾರೂ ಹಾಗೆ ಅವಳ ಮಾತಿಗೆ ಕಾದು ನಿಂತದ್ದಿರಲಿಲ್ಲ.

ಪಾರವ್ವ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಮಾಂತು ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿಯದ ವಯಸ್ಸಿನಲ್ಲಿದ್ದಾಗಲೇ ಗಂಡನನ್ನು ಕಳಕೊಂಡು, ಬೈಲಹೊಂಗಲದ ಕಡೆಯ ಹಳ್ಳಿಯಲ್ಲಿ ಕಂಡವರ ಹೊಲದಲ್ಲಿ ದುಡಿದು ಮಗನನ್ನು ಓದಿಸಿದವಳು ಅವಳು. ಸೊಸೆ ಹೇಳಿದ್ದನ್ನೆಲ್ಲ ಕೇಳಿ ಮೊರ ಕೆಳಗಿಡದೆ ಅಂದಳು:

"ನಿನ್ನ ಮದಿವ್ಯಾಗ ನಾ ಎಲ್ಲಿದ್ದೆ ಗೊತ್ತೈತೇನ? ಅಡಗಿ ಮನ್ಯಾಗ. ಆ ಅಲ್ಬಮ್ಮಿನ್ಯಾಗ ಹುಡುಕು, ನಾ ಸಿಗೂದಿಲ್ಲ."

ಶೈಲಶ್ರೀ ಆ ಅಲ್ಬಮ್ಮನ್ನು ಎಷ್ಟೋ ಸಲ ತಿರುವಿದ್ದಳು. ಅತ್ತೆ ಅದರಲ್ಲಿಲ್ಲ ಎಂಬುದು ಇಷ್ಟು ವರ್ಷ ಅವಳ ಗಮನಕ್ಕೇ ಬಂದಿರಲಿಲ್ಲ. ಆ ಸಂಜೆ ಅವಳಿಗೆ ಸಾವಿತ್ರಿಬಾಯಿಯ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ತನ್ನ ಮೇಲೆಯೇ ತಿರುಗಿತು.

ಅವಳು ಕರ್ವೆ ರಸ್ತೆಯಲ್ಲಿ ವಿಮಾ ಏಜೆಂಟರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಬೇಸಿಗೆಯ ಹೊತ್ತಿಗೆ ಮಾಲೀಕರ ತಮ್ಮನ ಮಗ ತನ್ನ ಹಳೇ ಡಿಜಿಟಲ್ ಕ್ಯಾಮೆರಾ ಮಾರುವವನಿದ್ದ. ಪ್ರವಾಸದಲ್ಲಿ ಬಂಡೆಗೆ ಬಡಿದು ಅದರ ಲೆನ್ಸು ಒಡೆದಿತ್ತು, ಬರೀ ಬಾಡಿ ಉಳಿದಿತ್ತು. ಲೆನ್ಸಿಲ್ಲದ ಕ್ಯಾಮೆರಾ ಯಾರಿಗೆ ಬೇಕು? ಶೈಲಶ್ರೀ ತಾನು ಕೊಳ್ಳುತ್ತೇನೆಂದಳು. ಕಚೇರಿಯವರು ಅವಳಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಹೊಸ ಲೆನ್ಸಿನ ಬೆಲೆ ಕೇಳಿ ಅಂಗಡಿಯಿಂದ ಹೊರಗೆ ಬಂದವಳು ಸೈಬರ್ ಕೆಫೆಯಲ್ಲಿ ಕುಳಿತು ದಾರಿ ಹುಡುಕಿದಳು. ಫಿಲ್ಮ್ ಕ್ಯಾಮೆರಾಗಳ ಕಾಲದ, ತಿರುಪಿನಂತೆ ತಿರುಗಿಸಿ ಕೂರಿಸುವ ಲೆನ್ಸುಗಳನ್ನು ಒಂದು ತೆಳ್ಳನೆಯ ರಿಂಗು ಹಾಕಿ ಈ ಬಾಡಿಗೆ ಜೋಡಿಸಬಹುದು ಎಂದು ಯಾರೋ ಬರೆದಿದ್ದರು. ರಿಂಗು ಮುಂಬೈಯ ಅಂಗಡಿಯೊಂದರಿಂದ ಕೊರಿಯರಿನಲ್ಲಿ ಬಂತು. ಲೆನ್ಸಿಗಾಗಿ ಭಾನುವಾರ ಹಳೇ ಸಾಮಾನು ಮಾರುವ ಜುನಾ ಬಜಾರಿಗೆ ಹೋದಳು. ನೆಲದ ಮೇಲೆ ಹಾಸಿದ ತಾಡಪತ್ರಿಗಳಲ್ಲಿ ತುಕ್ಕು ಹಿಡಿದ ಕೀಲಿ, ನಳ, ಮುರಿದ ಗಡಿಯಾರ, ಹಿತ್ತಾಳೆಯ ದೀಪದ ಸಮೆಗಳು ಹರಡಿದ್ದವು. ಅವುಗಳ ನಡುವೆ ಕಬ್ಬಿಣದ ಗುಂಡಿನಷ್ಟು ಭಾರದ, ರಷ್ಯದ ಅಕ್ಷರಗಳಿದ್ದ ಒಂದು ಲೆನ್ಸು ಸಿಕ್ಕಿತು. ಒಳಗೆ ಧೂಳಿತ್ತು, ಗಾಜಿನ ಅಂಚಿಗೆ ಮಂಜು ಕಟ್ಟಿದಂತೆ ಮಸುಕಿತ್ತು. ಮಾರುವ ಮುದುಕ "ಬಾಯಿ, ಕಾಯ ಕರಣಾರ ಹ್ಯಾಚಂ?" ಎಂದು ಕೇಳಿದ. ಇದನ್ನು ತಗೊಂಡು ಏನು ಮಾಡುತ್ತಿ ಎಂದವನಿಗೆ ಅವಳು ಬೆಲೆ ಎಷ್ಟೆಂದು ಕೇಳಿದಳು. ಚೌಕಾಸಿ ಮಾಡಿ ತಂದಳು.

ಮೊದಲ ದಿನ ಲೆನ್ಸು ಕೂರಿಸಿದಾಗ ಕ್ಯಾಮೆರಾದ ಪರದೆಯ ಮೇಲೆ ಬರೀ ಎರಡು ಸೊನ್ನೆ ಮೂಡಿದವು. ಕೆಟ್ಟೇ ಹೋಯಿತೆಂದುಕೊಂಡಳು. ಹಳೇ ಲೆನ್ಸಿನ ಗುರುತು ಕ್ಯಾಮೆರಾಕ್ಕೆ ಸಿಗುವುದಿಲ್ಲ, ಇನ್ನು ಮುಂದೆ ಎಲ್ಲವನ್ನೂ ಕೈಯಿಂದಲೇ ಮಾಡಬೇಕು ಎಂಬುದು ತಿಳಿಯಲು ಒಂದು ವಾರ ಹಿಡಿಯಿತು. ಬೆಳಕು ಎಷ್ಟು ಬಿಡಬೇಕು, ಚಿತ್ರ ಎಲ್ಲಿ ಸ್ಪಷ್ಟವಾಗಬೇಕು, ಒಂದನ್ನೂ ಯಂತ್ರ ಹೇಳುತ್ತಿರಲಿಲ್ಲ. ಮೊದಮೊದಲ ಚಿತ್ರಗಳು ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ, ಇಲ್ಲವೇ ಕಾಡಿಗೆಯ ಹಾಗೆ ಕಪ್ಪಗೆ ಬಂದವು. ಪಾರವ್ವನ ಮುಖದ ಬದಲು ಅವಳ ಹಿಂದಿನ ಕ್ಯಾಲೆಂಡರಿನ ತಾರೀಖುಗಳು ಸ್ಪಷ್ಟವಾಗಿ ಮೂಡಿದವು. ಅವಳು ಅಳಿಸಿ ಮತ್ತೆ ತೆಗೆದಳು. ಕ್ರಮೇಣ ಒಂದು ಉಪಾಯ ಕಂಡುಕೊಂಡಳು: ಲೆನ್ಸನ್ನು ಸುಮಾರಾಗಿ ತಿರುಗಿಸಿ ಇಟ್ಟು, ಆಮೇಲೆ ತಾನೇ ಮುಂದಕ್ಕೆ ಹಿಂದಕ್ಕೆ ಬಾಗುತ್ತ, ಎದುರಿನವರ ಕಣ್ಣಿನ ರೆಪ್ಪೆ ಎದ್ದು ಕಂಡ ಕ್ಷಣಕ್ಕೆ ಗುಂಡಿ ಒತ್ತುವುದು.

ಉಳಿದ ಸಾಮಾನು ಮನೆಯಲ್ಲೇ ಹುಟ್ಟಿದವು. ಸ್ಟ್ಯಾಂಡಿನ ಬದಲು ಜೋಳ ತುಂಬಿದ ಅರಿವೆಯ ಚೀಲ. ಅದರ ಮೇಲೆ ಕ್ಯಾಮೆರಾ ಊರಿದರೆ ಅಲುಗುತ್ತಿರಲಿಲ್ಲ. ಫ್ಲ್ಯಾಶಿನ ಕಣ್ಣು ಕುಕ್ಕುವ ಬೆಳಕಿಗೆ ಬಟರ್ ಪೇಪರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದಳು. ಟಿವಿಯ ಪೆಟ್ಟಿಗೆಯೊಳಗಿದ್ದ ಥರ್ಮೊಕೋಲಿನ ಹಾಳೆ ನೆರಳಿದ್ದ ಕಡೆಗೆ ಬೆಳಕು ತಿರುಗಿಸಲು ಬಂತು. ಒಂದು ದಿನ ಲೆನ್ಸನ್ನು ಬಿಚ್ಚಿ ತಿರುವುಮುರುವಾಗಿ ಬಾಡಿಗೆ ಒತ್ತಿ ಹಿಡಿದು ಜೋಳದ ಕಾಳನ್ನು ನೋಡಿದಳು. ಕಾಳು ಬೆಣ್ಣೆಯ ಮುದ್ದೆಯಷ್ಟು ದೊಡ್ಡದಾಗಿ, ಮೈಮೇಲಿನ ಗೆರೆ ಸಮೇತ ಕಂಡಿತು. ಆ ಚಿತ್ರ ನೋಡಿದ ಪಾರವ್ವ, ಇದು ಬಿಳಿಜೋಳ ಅಲ್ಲ, ಹುಳ ಹಿಡಿದೈತಿ, ಅಂಗಡಿಯವನಿಗೆ ತಿರುಗಿ ಕೊಟ್ಟು ಬಾ ಎಂದಳು.

ಮಂಡಳಿಯ ಕಾರ್ಯದರ್ಶಿ ಮಧುಕರ ಕಂಪ್ಯೂಟರ್ ಅಂಗಡಿ ಇಟ್ಟಿದ್ದವನು. ಅವನ ಕೊರಳಲ್ಲಿ ಯಾವಾಗಲೂ ಹೊಸ ಮಾದರಿಯ ಕ್ಯಾಮೆರಾ ತೂಗುತ್ತಿತ್ತು. ಮಂಡಳಿಯ ಕನ್ನಡ ತರಗತಿಗೆ ಶೈಲಶ್ರೀ ತನ್ನದನ್ನು ತಂದ ದಿನ ಅವನು ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಕಾರಿಗೆ ಚಕ್ಕಡಿ ಗಾಲಿ ಹಾಕಿದಂಗ ಆತಲ್ಲ ಅಕ್ಕಾರ ಎಂದು ನಕ್ಕ. ಸುತ್ತಲಿದ್ದವರೂ ನಕ್ಕರು. ಅವನು ಕೆಟ್ಟವನೇನಲ್ಲ. ಎಲ್ಲ ತಾನೇ ಮಾಡಿಕೊಳ್ಳುವ ಸಣ್ಣ ಕ್ಯಾಮೆರಾ ಕೊಡಿಸುತ್ತೇನೆ, ಕಂತಿನಲ್ಲಿ ಕೊಟ್ಟರಾಯಿತು ಎಂದೂ ಹೇಳಿದ.

"ಗಾಲಿ ತಿರುಗಿದ್ರ ಸಾಕ್ರಿ" ಎಂದು ಶೈಲಶ್ರೀ ಕ್ಯಾಮೆರಾ ವಾಪಸು ತೆಗೆದುಕೊಂಡಳು.

ಪಾರವ್ವ ಮಾತ್ರ ಫೋಟೋಕ್ಕೆ ಕೂಡಲು ಒಪ್ಪುತ್ತಿರಲಿಲ್ಲ. ಕ್ಯಾಮೆರಾ ಎತ್ತಿದರೆ ಸೆರಗು ಮುಖಕ್ಕೆ ಬರುತ್ತಿತ್ತು. ರಂಡೆಮುಂಡೆಯರ ಫೋಟೋ ಏನು ತಗೀತಿ, ಗಿಡದ್ದು ತಗಿ, ಹಕ್ಕಿದ್ದು ತಗಿ ಎನ್ನುತ್ತಿದ್ದಳು. ಆ ಶಬ್ದವನ್ನು ಅವಳು ತನಗೆ ತಾನೇ, ಉಪ್ಪು-ಖಾರ ಅಂದಷ್ಟು ಸಲೀಸಾಗಿ ಬಳಸುತ್ತಿದ್ದುದು ಶೈಲಶ್ರೀಗೆ ಸಹಿಸಲಾಗುತ್ತಿರಲಿಲ್ಲ. ಆದರೂ ಒತ್ತಾಯ ಮಾಡಲಿಲ್ಲ. ದಿನಾ ಕ್ಯಾಮೆರಾ ಹಿಡಿದು ಮನೆಯಲ್ಲಿ ಓಡಾಡಿದಳು. ದಿನ ಹೋದಂತೆ ಪಾರವ್ವ ಅದನ್ನು ಮರೆತಳು.

ಪಾರವ್ವನಿಗೆ ಅಡಿಗೆ ಕಟ್ಟೆಯ ಎದುರು ನಿಂತು ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಬಾಲ್ಕನಿಯಲ್ಲಿ ನೆಲದ ಮೇಲೆ ಸಣ್ಣ ಒಲೆ ಇಟ್ಟುಕೊಂಡು ಕೂಡುತ್ತಿದ್ದಳು. ಡಿಸೆಂಬರಿನ ಒಂದು ಮುಂಜಾನೆ ಎಳೆಬಿಸಿಲು ಅವಳ ಬೆನ್ನ ಹಿಂದಿನಿಂದ ಬರುತ್ತಿತ್ತು. ಆಚೆಯ ಬದಾಮಿ ಗಿಡದ ಎಲೆಗಳು ಹಳೇ ಲೆನ್ಸಿನಲ್ಲಿ ಬೆಳಕಿನ ಬಳೆಗಳಾಗಿ ಸುರುಳಿ ಸುತ್ತಿಕೊಂಡು ನಿಂತವು. ಶೈಲಶ್ರೀ ಥರ್ಮೊಕೋಲಿನ ಹಾಳೆಯನ್ನು ಬಕೆಟ್ಟಿಗೆ ಆನಿಸಿ ಇಟ್ಟಳು. ಮುದುಕಿಯ ಮುಖಕ್ಕೆ ಮೆಲ್ಲಗೆ ಬೆಳಕು ಬಂತು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಗದ್ದದ ಮೇಲೆ ಮಾಸಿದ ಹಚ್ಚೆ, ಮೊಣಕೈತನಕ ಹಿಟ್ಟು. ಹಂಚಿನ ಮೇಲೆ ರೊಟ್ಟಿ ಸೀಯುವುದನ್ನು ಕಂಡ ಪಾರವ್ವ, ಸುಮ್ಮನೆ ನಿಂತ ಸೊಸೆಯನ್ನು ಬೈಯಲು ಕತ್ತೆತ್ತಿ ಬಾಯಿ ತೆರೆದಳು. ಶೈಲಶ್ರೀ ಒಂದು ಗೇಣು ಮುಂದಕ್ಕೆ ಬಾಗಿದಳು. ಕಣ್ಣು ಸ್ಪಷ್ಟವಾಯಿತು. ಒತ್ತಿದಳು.

ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟು ಹಾಕಿಸಿ ರಟ್ಟಿಗೆ ಅಂಟಿಸಿ ತಂದ ದಿನ ಪಾರವ್ವ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ನಮ್ಮವ್ವನ ಕಂಡಂಗ ಆತು" ಎಂದಳು. ಅವಳ ತಾಯಿಯ ಒಂದು ಚಿತ್ರವೂ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ.

ಅದೇ ತಿಂಗಳು ಮಂಡಳಿಯವರು ಸಂಕ್ರಾಂತಿಗೆ ಫೋಟೋ ಸ್ಪರ್ಧೆ ಇಟ್ಟರು. ವಿಷಯ: ನಮ್ಮ ಮನೆಯ ಲಕ್ಷ್ಮಿ. ಬಂದ ಫೋಟೋಗಳನ್ನೆಲ್ಲ ಹಾಲಿನ ಬಾಗಿಲ ಬಳಿ ತೂಗುಹಾಕುತ್ತೇವೆ, ಬಹುಮಾನ ಆಮೇಲೆ ಎಂದು ಮಧುಕರ ಎಲ್ಲರಿಗೂ ಫೋನು ಮಾಡಿ ಹೇಳಿದ. ಶೈಲಶ್ರೀ ಪಾರವ್ವನ ಚಿತ್ರ ಕೊಡುತ್ತೇನೆಂದಾಗ ಮುದುಕಿ ಗಾಬರಿಯಾದಳು. ನನಗ ಲಕ್ಷ್ಮಿ ಅಂತೀಯೇನ, ಮಂದಿ ನಕ್ಕಾರು ಎಂದಳು. ಈ ಮನೆಗೆ ರೊಟ್ಟಿ ಹಾಕಿದವರು ಯಾರು, ಮಾಂತುನ್ನ ಬೆಳೆಸಿದವರು ಯಾರು ಎಂದು ಶೈಲಶ್ರೀ ಕೇಳಿದಳು. ಪಾರವ್ವ ಮೊರ ಎಳೆದುಕೊಂಡು ಜೋಳ ಹಸನು ಮಾಡತೊಡಗಿದಳು.

ಕಾರ್ಯಕ್ರಮದ ದಿನ ಮುಂಜಾನೆ ಶೈಲಶ್ರೀ ಬೇಗನೆ ಹಾಲಿಗೆ ಹೋದಳು. ಬಾಗಿಲ ಎರಡೂ ಬದಿ ಬೋರ್ಡುಗಳ ಮೇಲೆ ಹೆಂಡಿರು, ಸೊಸೆಯಂದಿರು, ಪೈಠಣಿ ಸೀರೆ ಉಟ್ಟು ಆರತಿ ತಟ್ಟೆ ಹಿಡಿದವರು, ರಂಗೋಲಿ ಹಾಕುವವರು ನಗುತ್ತಿದ್ದರು. ಪಾರವ್ವ ಇರಲಿಲ್ಲ. ಮಧುಕರ ಒಳಗಿನಿಂದ ಚಿತ್ರವನ್ನು ತಂದ. ಹಳೇ ಲೆನ್ಸು ನೋಡ್ರಿ, ಅಂಚಿನ್ಯಾಗೆಲ್ಲ ಮಸುಕದ, ಬೆಳಕು ಚೆಲ್ಲಿದಂಗ ಆಗ್ಯದ, ಕ್ವಾಲಿಟಿ ಕೂತಿಲ್ಲ ಎಂದು ಶುರುಮಾಡಿದ. ಶೈಲಶ್ರೀ ಸುಮ್ಮನೆ ಅವನ ಮುಖವನ್ನೇ ನೋಡುತ್ತ ನಿಂತಳು. ಹಾಗೆ ನೋಡಿದಾಗ ಅವನಿಗೆ ಸುಳ್ಳು ಮುಂದುವರಿಸಲು ಆಗಲಿಲ್ಲ. ದನಿ ತಗ್ಗಿಸಿ ನಿಜ ಹೇಳಿದ: ಹಬ್ಬದ ದಿವಸ, ಮುತ್ತೈದೆಯರು ಬರುವ ಬಾಗಿಲು, ಸಾವಿತ್ರಿಬಾಯಿಯವರಿಗೂ ಮನಸ್ಸು ಇರಲಿಲ್ಲ.

"ಅಂಚು ಮಸುಕದ ಅಂತ ಬ್ಯಾಡಂದ್ರ ಒಪ್ಕೋತೀನ್ರಿ" ಎಂದಳು ಶೈಲಶ್ರೀ. "ಹಣಿಮ್ಯಾಲ ಕುಂಕುಮ ಇಲ್ಲ ಅಂತ ಬ್ಯಾಡಂದ್ರ ಒಪ್ಪೂದಿಲ್ಲ."

ಮಧುಕರ ಮುಖ ಒರೆಸಿಕೊಂಡ. ಬೇಸರ ಮಾಡಿಕೊಳ್ಳಬೇಡಿರಿ ಎಂದ. ಅದೇ ಉಸಿರಿನಲ್ಲಿ, ಸಂಜೆಯ ಹೆಂಗಸರ ಗ್ರೂಪ್ ಫೋಟೋ ಹೋದ ವರ್ಷದ ಹಾಗೆ ನೀವೇ ತೆಗೆಯಿರಿ, ಈಗ ನಿಮಗೆ ಕೈ ಕುದುರ್ಯದ ಎಂದೂ ಹೇಳಿದ. ಶೈಲಶ್ರೀ ಚಿತ್ರವನ್ನು ಕಂಕುಳಲ್ಲಿ ಹಿಡಿದು ರಿಕ್ಷಾ ಹತ್ತಿದಳು.

ಮನೆಯಲ್ಲಿ ಅವಳು ನಡೆದದ್ದನ್ನು ಹೇಳಿದಳು. ಪಾರವ್ವ ಎದ್ದು ಟ್ರಂಕು ತೆರೆದಳು. ಮಗನ ಮದುವೆಗೆಂದು ತವರಿನವರು ಕೊಟ್ಟ, ಒಂದು ದಿನವೂ ಉಡದ ಇಳಕಲ್ ಸೀರೆ ಹೊರಗೆ ಬಂತು. ದಾಳಿಂಬೆ ಬಣ್ಣದ್ದು. ಕೆಂಪು ಉಡುವುದನ್ನು ಬಿಟ್ಟು ಅವಳಿಗೆ ಒಂದು ಜನ್ಮವೇ ಆಗಿತ್ತು.

"ನಡಿ" ಎಂದಳು ಪಾರವ್ವ, ನಿರಿಗೆ ಹಿಡಿಯುತ್ತ. "ಒಳಗ ಬ್ಯಾಡಂದ್ರ ಹೊರಗ ಕುಂದ್ರೂಣು. ಬೀದಿ ಯಾರ ಅಪ್ಪಂದೂ ಅಲ್ಲ."

ಮಧ್ಯಾಹ್ನ ಇಬ್ಬರೂ ಕ್ಯಾಮೆರಾ, ಜೋಳದ ಚೀಲ, ಒಂದು ಪ್ಲಾಸ್ಟಿಕ್ ಸ್ಟೂಲು, ಥರ್ಮೊಕೋಲಿನ ಹಾಳೆ, ಬಟ್ಟೆ ಒಣಹಾಕುವ ಹಗ್ಗ, ಕ್ಲಿಪ್ಪು ಹಿಡಿದು ಹಾಲಿನ ಎದುರು ಇಳಿದರು. ಗೇಟಿನ ಪಕ್ಕದ ಫುಟ್‌ಪಾಥಿನಲ್ಲಿ ಒಂದು ಗುಲ್‌ಮೊಹರಿನ ನೆರಳಿತ್ತು. ಗಿಡಕ್ಕೂ ಲೈಟಿನ ಕಂಬಕ್ಕೂ ಹಗ್ಗ ಕಟ್ಟಿ ಶೈಲಶ್ರೀ ಪಾರವ್ವನ ಚಿತ್ರವನ್ನು ತೂಗುಹಾಕಿದಳು. ಅದರ ಕೆಳಗೆ ಸ್ಟೂಲಿನ ಮೇಲೆ ಪಾರವ್ವ ಕುಳಿತಳು. ಒಳಗೆ ಹೋಗುವ ಪ್ರತಿಯೊಬ್ಬರೂ ಇಬ್ಬರು ಪಾರವ್ವಂದಿರನ್ನು ನೋಡಲೇಬೇಕಾಯಿತು. ಹಾಗೆ ನಿಂತು ನೋಡಿದವರಿಗೆ ಶೈಲಶ್ರೀ ಒಂದೇ ಮಾತು ಹೇಳಿದಳು: ಒಳಗಿನ ಫೋಟೋದಲ್ಲಿ ಜಾಗ ಇಲ್ಲದವರು ಇಲ್ಲಿ ಬಂದು ಕೂಡಬಹುದು, ನಾನು ತೆಗೆಯುತ್ತೇನೆ.

ಬಹಳ ಜನ ತಲೆ ತಗ್ಗಿಸಿ ಹೋದರು. ಕೆಲವರು ನಕ್ಕರು. ಹಬ್ಬದ ದಿವಸ ಇದೇನು ಅಪಶಕುನ ಎಂದು ಒಬ್ಬಾಕೆ ಕೇಳುವಂತೆಯೇ ಅಂದು ಹೋದಳು. ಶೈಲಶ್ರೀ ಕ್ಯಾಮೆರಾವನ್ನು ಜೋಳದ ಚೀಲದ ಮೇಲೆ ಊರಿ ಹಿಡಿದುಕೊಂಡಳು. ಮಧುಕರ ಬಂದು ಮೊದಲು ಬೇಡಿಕೊಂಡ, ಆಮೇಲೆ ಸಿಟ್ಟಾಗಿ ವಾಚಮನ್‌ನನ್ನು ಕರೆದ. ವಾಚಮನ್ ಒಮ್ಮೆ ಗೇಟನ್ನು, ಒಮ್ಮೆ ಫುಟ್‌ಪಾಥನ್ನು ನೋಡಿ, "ಫುಟ್‌ಪಾಥ್ ಆಪ್ಲಾ ನಾಹೀ, ಸಾಹೇಬ್" ಎಂದ. ತನ್ನ ಅಧಿಕಾರ ಗೇಟಿನೊಳಗೆ ಮಾತ್ರ ಎಂದು ಅವನಿಗೆ ಸ್ಪಷ್ಟವಿತ್ತು.

ಕೊನೆಗೆ ಸಾವಿತ್ರಿಬಾಯಿಯೇ ಹೊರಗೆ ಬಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೋವಿತ್ತು.

"ಶೈಲಾ, ನಿನ್ನ ಮ್ಯಾಲ ನನಗ ಮಗಳಷ್ಟ ಮಾಯೆ ಅದ. ಹಿಂಗ ಬೀದ್ಯಾಗ ನಮ್ಮ ಮಾನ ಕಳೀಬ್ಯಾಡ."

"ಬಾಯಾರ, ಆ ಮಾಯೆದಿಂದನ ಹೋದ ವರ್ಷ ನನ್ನ ಕೈಯಾಗ ಕ್ಯಾಮೆರಾ ಕೊಟ್ರಿ. ಈ ವರ್ಷ ಅದು ನನ್ನದ ಅದ."

ಸಾವಿತ್ರಿಬಾಯಿ ಪಾರವ್ವನ ಕಡೆ ತಿರುಗಿ, ಹಿರಿಯರಾಗಿ ನೀವಾದರೂ ಬುದ್ಧಿ ಹೇಳಬಾರದೇ ಎಂದರು. ಪಾರವ್ವ ದಾಳಿಂಬೆ ಸೀರೆಯ ಸೆರಗನ್ನು ಸರಿಮಾಡಿಕೊಂಡಳು.

"ನಾನ ಅಕಿನ್ನ ಕರ್ಕೊಂಡ ಬಂದೇನವಾ" ಎಂದಳು.

ಅಷ್ಟರಲ್ಲಿ ಸಾವಿತ್ರಿಬಾಯಿಯವರ ಹಿಂದಿನಿಂದ ಒಬ್ಬ ಹೆಂಗಸು ಬಂದಳು. ಅವರ ಅಕ್ಕ. ಗಂಡ ತೀರಿದ ಮೇಲೆ ತಂಗಿಯ ಮನೆಯಲ್ಲಿದ್ದವಳು. ಪ್ರತಿ ಸಂಕ್ರಾಂತಿಗೂ ಹಾಲಿನ ಹಿಂದಿನ ಅಡಿಗೆಯ ಕೋಣೆಯಲ್ಲಿ ಪ್ಲೇಟುಗಳಿಗೆ ಚಕ್ಕುಲಿ ಹಾಕುತ್ತ ಕೂಡುವುದು ಅವಳ ಕೆಲಸ. ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ತಂಗಿಯ ಮುಖ ನೋಡದೆ, ನನ್ನದೂ ಒಂದು ತೆಗೆಯುತ್ತೀಯಾ ಎಂದು ಕೇಳಿದಳು. ಪಾರವ್ವ ಎದ್ದು ಸ್ಟೂಲು ಬಿಟ್ಟುಕೊಟ್ಟಳು.

ಸಾವಿತ್ರಿಬಾಯಿ "ಅಕ್ಕಾ, ಒಳಗ ನಡಿ" ಎಂದರು. ಅಕ್ಕ ಕುಳಿತೇಬಿಟ್ಟಳು. ಪಾರವ್ವ ಥರ್ಮೊಕೋಲಿನ ಹಾಳೆಯನ್ನು ಎದೆಗೆ ಹಿಡಿದು ನಿಂತು ಸೊಸೆ ಹೇಳಿದ ಕಡೆಗೆ ಬೆಳಕು ತಿರುಗಿಸಿದಳು. ಸಾವಿತ್ರಿಬಾಯಿ ಒಳಗೆ ಹೋದರು. ಆಮೇಲೆ ಮಗಳೊಂದಿಗೆ ಬಂದಿದ್ದ ಒಬ್ಬ ಮುದುಕಿ ಕುಳಿತಳು. ಗಂಡ ಬಿಟ್ಟುಹೋದ ಶಾಲೆಯ ಟೀಚರೊಬ್ಬರು ಆಚೀಚೆ ನೋಡಿ ಕುಳಿತರು. ಕುಂಕುಮ ಇಟ್ಟ ಒಬ್ಬ ಹುಡುಗಿ ಒಳಗಿನ ಫೋಟೋ ಬಿಟ್ಟು ಬಂದು, ತನ್ನ ತಾಯಿಯನ್ನು ಕೂಡಿಸಿ ತಾನು ಹಿಂದೆ ನಿಂತಳು. ಬಿಸಿಲು ಇಳಿಯುವವರೆಗೂ ಶೈಲಶ್ರೀ ಮುಂದಕ್ಕೆ ಹಿಂದಕ್ಕೆ ಬಾಗುತ್ತ ತೆಗೆದಳು. ಕೆಲವು ಕೆಟ್ಟವು. ಬಹಳಷ್ಟು ಬಂದವು.

ಮಂಡಳಿ ಏನೂ ಬದಲಾಗಲಿಲ್ಲ. ಬಹುಮಾನ ಪೈಠಣಿ ಸೀರೆಯ ಫೋಟೋಕ್ಕೇ ಹೋಯಿತು. ಶೈಲಶ್ರೀಯನ್ನು ಕಂಡರೆ ಕೆಲವರು ರಸ್ತೆಯ ಆಚೆ ಬದಿಗೆ ಸರಿಯತೊಡಗಿದರು. ಸಾವಿತ್ರಿಬಾಯಿ ಅವಳೊಂದಿಗೆ ಮಾತು ಬಿಟ್ಟರು. ಆದರೆ ಅಕ್ಕನ ಫೋಟೋ ಅವರ ಮನೆಯ ಪಡಸಾಲೆಯಲ್ಲಿದೆ ಎಂದು ಯಾರೋ ಹೇಳಿದರು. ಹದಿನೈದು ದಿನಗಳ ಮೇಲೆ ಮಧುಕರ ಫೋನು ಮಾಡಿ, ನಿಮ್ಮ ಸದಸ್ಯತ್ವದ ಬಗ್ಗೆ ಕಮಿಟಿಯಲ್ಲಿ ಚರ್ಚೆ ಆಗಬೇಕಾಗಿದೆ ಎಂದು ತಿಳಿಸಿದ.

"ಮಾಡ್ರಿ ಚರ್ಚೆ" ಎಂದಳು ಶೈಲಶ್ರೀ. "ಮುಂದಿನ ಸಂಕ್ರಾಂತಿಗೂ ಬರ್ತೀನಿ. ಒಳಗೋ ಹೊರಗೋ ನೀವ ನಿರ್ಧಾರ ಮಾಡ್ರಿ."

ಫೋನಿಟ್ಟು ಅವಳು ಬಾಲ್ಕನಿಗೆ ಹೋದಳು. ಪಿಂಪ್ರಿಯಿಂದ ಲೋಕಲ್ ಹಿಡಿದು, ಶಿವಾಜಿನಗರದಲ್ಲಿ ಬಸ್ಸು ಬದಲಿಸಿ, ವಿಳಾಸ ಕೇಳಿಕೊಂಡು ಫೋಟೋ ತೆಗೆಸಿಕೊಳ್ಳಲು ಬಂದ ಒಬ್ಬ ಎಳೆವಯಸ್ಸಿನ ವಿಧವೆ ಅಲ್ಲಿ ಕಾಯುತ್ತಿದ್ದಳು. ಬ್ಯಾಗಿನಿಂದ ಒಂದು ಮಾರು ಮಲ್ಲಿಗೆ ತೆಗೆದು, ಇದನ್ನು ಮುಡಿದುಕೊಂಡು ಕೂತರೆ ನಡೆಯುತ್ತದೆಯೇ ಎಂದು ಅಂಜುತ್ತ ಕೇಳಿದಳು. ಶೈಲಶ್ರೀ ಉತ್ತರ ಕೊಡುವ ಮೊದಲೇ ಪಾರವ್ವ ಹೂವನ್ನು ಅವಳ ಕೈಯಿಂದ ತೆಗೆದುಕೊಂಡು, ಹುಡುಗಿಯ ಹೆರಳನ್ನು ಮುಂದಕ್ಕೆಳೆದು ಮುಡಿಸತೊಡಗಿದಳು.